ಮೊದಲ ಮ್ಯಾಚ್ ಏರ್ ರೈಫಲ್: ಯಾವುದನ್ನು ಕೊಳ್ಳೋದು, ಯಾವುದನ್ನು ಬಿಡೋದು?

ಹೋದ ತಿಂಗಳು ಒಬ್ಬರು ಹದಿಮೂರು ವರ್ಷದ ಮಗಳನ್ನು ಕರೆದುಕೊಂಡು ನಮ್ಮ ಶೂಟಿಂಗ್ ರೇಂಜಿಗೆ ಬಂದರು. ಬಂದವರೇ ಫೋನ್ ತೆಗೆದು ಎರಡು ಚಿತ್ರ ತೋರಿಸಿ, "ಸಾರ್, ವಾಲ್ಥರ್ ಎಲ್‌ಜಿ 400 ತಗೊಳ್ಳೋದೋ, ಫೈನ್‌ವರ್ಕ್‌ಬೌ 800 ತಗೊಳ್ಳೋದೋ? ಒಂದು ಹೇಳಿಬಿಡಿ" ಅಂದರು. ಹುಡುಗಿ ಅಪ್ಪನ ಹಿಂದೆ ನಿಂತಿದ್ದಳು. ನಾನು ಅವಳನ್ನು ಕರೆದು, ರೈಫಲ್ ಹಿಡಿದು ನಿಲ್ಲುವ ಹಾಗೆ ಎಡಮೊಣಕೈಯನ್ನು ಸೊಂಟದ ಮೂಳೆಯ ಮೇಲೆ ಊರಿ ನಿಲ್ಲೋದಕ್ಕೆ ಹೇಳಿದೆ. ಊರೋಕೆ ಆಗಲಿಲ್ಲ. ಕೈ ಗಿಡ್ಡ, ಸೊಂಟ ಕೆಳಗೆ, ಮೊಣಕೈ ಪಕ್ಕೆಗೆ ತಾಗಿ ಗಾಳಿಯಲ್ಲೇ ನಿಂತಿತು. ಇನ್ನೂ ಬೆಳೆಯುತ್ತಿರುವ ಮಗು. ಅವರು ಕೇಳಿದ ಎರಡು ರೈಫಲ್‌ಗಳಲ್ಲಿ ಯಾವುದು ಮೇಲು ಅನ್ನೋದು ಆ ಹೊತ್ತಿಗೆ ಅವಳಿಗೆ ಸಂಬಂಧವೇ ಇಲ್ಲದ ಪ್ರಶ್ನೆ.

ಇದೇ ಪ್ರಶ್ನೆಯನ್ನು ವರ್ಷಕ್ಕೆ ಹತ್ತಾರು ಜನ ಕೇಳುತ್ತಾರೆ. ಲಕ್ಷಗಟ್ಟಲೆ ದುಡ್ಡಿನ ಮಾತು, ತಪ್ಪಿದರೆ ಮನೆಯ ಲೆಕ್ಕಾಚಾರವೇ ಏರುಪೇರಾಗುತ್ತದೆ. ಅದಕ್ಕೇ ನನಗೆ ಗೊತ್ತಿರೋದನ್ನೆಲ್ಲ ಒಂದೆಡೆ ಬರೆದಿಡುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ಅಮೆರಿಕದಲ್ಲಿರುವ ನೆಂಟರ ಮನೆಯಲ್ಲಿ ಸೆಮಿ ಆಟೊಮ್ಯಾಟಿಕ್ (ಮುಂದಿನ ಗುಂಡು ತಾನಾಗಿ ಏರುವ) ರೈಫಲ್ ನೋಡಿ ಬಂದವರು, "ಅದರಲ್ಲೇ ಅಭ್ಯಾಸ ಮಾಡಿದರೆ ಒಲಿಂಪಿಕ್ಸ್‌ಗೆ ಹೋಗಬಹುದಾ?" ಅಂತ ಕೇಳುತ್ತಾರೆ. ಇಲ್ಲ. ಒಲಿಂಪಿಕ್ಸ್‌ನ ರೈಫಲ್ ಸ್ಪರ್ಧೆಗಳಲ್ಲಿ ಪ್ರತಿ ಗುಂಡನ್ನೂ ಕೈಯಿಂದಲೇ ತುಂಬಬೇಕು, ಒಂದು ಸಲಕ್ಕೆ ಒಂದೇ. ನಮ್ಮಲ್ಲಿ ಈ ಆಟ ಶುರುವಾಗೋದು 10 ಮೀಟರ್ ಏರ್ ರೈಫಲ್‌ನಿಂದ. ಶಸ್ತ್ರಾಸ್ತ್ರ ನಿಯಮ 2016ರ ಪ್ರಕಾರ 4.5 ಮಿಲಿಮೀಟರ್ ದಾಟದ, 20 ಜೌಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. ಮ್ಯಾಚ್ ರೈಫಲ್‌ನ ಶಕ್ತಿ ಸುಮಾರು ಏಳೂವರೆ ಜೌಲ್, ಅಂದರೆ ಮಿತಿಯ ಅರ್ಧಕ್ಕಿಂತ ಕಡಿಮೆ. ಆದರೂ ಅದು ಆಟಿಕೆಯಲ್ಲ. ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಕೊಳ್ಳುವಾಗ ಬಿಲ್ಲು, ಸೀರಿಯಲ್ ನಂಬರ್, ಗುರುತಿನ ಚೀಟಿಯ ನಕಲು ಎಲ್ಲವನ್ನೂ ಒಂದು ಫೈಲಿಗೆ ಹಾಕಿಡಿ.

ನಾನು ಕೊಡಗಿನವನು. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗಳನ್ನು ಸಾಲಾಗಿಟ್ಟು, ನಳಿಗೆಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುರಿಯಿಡೋದನ್ನು ನೋಡುತ್ತಾ ಬೆಳೆದೆ. ಅಲ್ಲಿ ಕಾಯಿ ಒಡೆದರೆ ಗೆದ್ದ ಹಾಗೆ. ಏರ್ ರೈಫಲ್‌ಗೆ ಬಂದಾಗ ನನ್ನ ಅಂದಾಜೆಲ್ಲ ತಲೆಕೆಳಗಾಯಿತು. ಹತ್ತು ಮೀಟರ್ ದೂರದ ಆ ಕಾಗದದಲ್ಲಿ ಹತ್ತರ ಗುರುತು ಬರೀ ಅರ್ಧ ಮಿಲಿಮೀಟರ್, ಪೆನ್ನಿನ ತುದಿಯಷ್ಟು ಚುಕ್ಕೆ. ಪೆಲೆಟ್ಟಿನ, ಅಂದರೆ ಏರ್ ರೈಫಲ್‌ನ ಸೀಸದ ಗುಂಡಿನ ಅಗಲವೇ ನಾಲ್ಕೂವರೆ ಮಿಲಿಮೀಟರ್.

ಈ ಅಳತೆ ಗೊತ್ತಿದ್ದರೆ ರೈಫಲ್ ಹೋಲಿಸೋದು ಸುಲಭ. ಅಂಕ ಈಗ ದಶಮಾಂಶದಲ್ಲಿ. ಒಂದು ಗುಂಡಿಗೆ ಗರಿಷ್ಠ 10.9, ಅರವತ್ತು ಗುಂಡಿಗೆ 654. ಪೆಲೆಟ್ ನಟ್ಟನಡುವಿನಿಂದ ಕಾಲು ಮಿಲಿಮೀಟರ್ ಸರಿದರೆ ಒಂದು ದಶಾಂಶ ಕಳೆಯಿತು. ಎರಡೂವರೆ ಮಿಲಿಮೀಟರ್ ಸರಿದರೆ 10.0ರ ಅಂಚು, ಅದಕ್ಕೂ ಆಚೆ ಹೋದರೆ ಒಂಬತ್ತು. ಅಂತರರಾಷ್ಟ್ರೀಯ ಮಟ್ಟದಲ್ಲಿ ಫೈನಲ್‌ಗೆ ಹೋಗಲು 630ರ ಆಸುಪಾಸು ಬೇಕಾಗುತ್ತದೆ, ಅಂದರೆ ಗುಂಡಿಗೆ ಸರಾಸರಿ ಹತ್ತೂವರೆ. ಹೊಸದಾಗಿ ಕಲಿಯುವ ಮಗುವಿನ ಗುಂಡು ಎಂಟು, ಒಂಬತ್ತರಲ್ಲಿ ಓಡಾಡುತ್ತಿರುತ್ತದೆ. ಆ ಹಂತದಲ್ಲಿ ಎರಡು ಒಳ್ಳೆಯ ಬ್ಯಾರಲ್‌ಗಳ (ನಳಿಗೆಗಳ) ನಡುವಿನ ವ್ಯತ್ಯಾಸ ಕೈಯ ನಡುಕದೊಳಗೆ ಮುಳುಗಿಹೋಗುತ್ತದೆ.

ಸ್ಪ್ರಿಂಗ್ ರೈಫಲ್: ಎಲ್ಲಿಯವರೆಗೆ ಸಾಕು?

ನಮ್ಮಲ್ಲೇ ತಯಾರಾಗುವ, ನಳಿಗೆ ಮುರಿದು ಪೆಲೆಟ್ ತುಂಬುವ ಸ್ಪ್ರಿಂಗ್ ರೈಫಲ್‌ಗಳಿಗೆ ದುಡ್ಡು ಕಡಿಮೆ. ಸಿಲಿಂಡರ್ ಬೇಡ, ಗಾಳಿ ತುಂಬಿಸುವ ರಗಳೆಯಿಲ್ಲ. ರಾಜ್ಯ ಮಟ್ಟದ ಸ್ಪರ್ಧೆಗಳಲ್ಲಿ ಓಪನ್ ಸೈಟ್ (ತೆರೆದ ಸೀಳಿನ ಮೂಲಕ ಗುರಿಯಿಡುವ) ವಿಭಾಗವಿದ್ದರೆ ಅದಕ್ಕೆ ಇಳಿಯಲೂಬಹುದು. ಆದರೆ ಟ್ರಿಗರ್ ಒತ್ತಿದೊಡನೆ ಒಳಗಿನ ಭಾರದ ಪಿಸ್ಟನ್ ಮುಂದಕ್ಕೆ ನುಗ್ಗಿ, ತುದಿಯಲ್ಲಿ ಗಾಳಿಗೆ ತಾಗಿ ಹಿಂದಕ್ಕೆ ಚಿಮ್ಮುತ್ತದೆ. ಪೆಲೆಟ್ ಇನ್ನೂ ನಳಿಗೆಯಲ್ಲಿರುವಾಗಲೇ ರೈಫಲ್ ಹಿಂದೆ ಮುಂದೆ ಅಲ್ಲಾಡಿರುತ್ತದೆ. ಹಿಡಿತ ಒಂಚೂರು ಬಿಗಿಯಾದರೂ ಗುಂಡು ಬೇರೆ ಕಡೆ. ಹಾಗಾಗಿ ತಪ್ಪು ನನ್ನದೋ ರೈಫಲ್‌ನದೋ ಅಂತ ಮಗುವಿಗೆ ತಿಳಿಯೋದೇ ಇಲ್ಲ. ಕಲಿಕೆಗೆ ಇದು ದೊಡ್ಡ ಅಡ್ಡಿ. ಆಸಕ್ತಿ ಇದೆಯೋ ಇಲ್ಲವೋ ನೋಡೋಕೆ, ಸುರಕ್ಷತೆಯ ಅಭ್ಯಾಸ ಕೈಗೆ ಹತ್ತಿಸೋಕೆ ಇದು ಸಾಕು. ಪೀಪ್ ಸೈಟ್ (ಸಣ್ಣ ತೂತಿನ ಮೂಲಕ ಗುರಿಯಿಡುವ) ಸ್ಪರ್ಧೆಗೆ ಇಳಿಯಬೇಕು ಅಂತ ಮನಸ್ಸು ಮಾಡಿದವರು ಇದಕ್ಕೆ ದುಡ್ಡು ಹಾಕದೆ ಕ್ಲಬ್ಬಿನ ರೈಫಲ್ ಬಾಡಿಗೆಗೆ ತೆಗೆದುಕೊಂಡರೆ ಒಳ್ಳೆಯದು.

ಸ್ಪ್ರಿಂಗ್ ರೈಫಲ್‌ಗಳಲ್ಲಿ ಒಂದು ಮಾತ್ರ ಬೇರೆಯೇ ಜಾತಿ, 1970ರ ದಶಕದಲ್ಲಿ ಹೆಸರು ಮಾಡಿದ ಫೈನ್‌ವರ್ಕ್‌ಬೌ 300ಎಸ್. ಪಕ್ಕದ ಲಿವರ್ ಎಳೆದು ಏರಿಸೋದು. ಗುಂಡು ಹೊರಡುವಾಗ ಇಡೀ ಮೇಲ್ಭಾಗ ಹಳಿಯ ಮೇಲೆ ಹಿಂದಕ್ಕೆ ಜಾರುತ್ತದೆ, ಹೊಡೆತ ಭುಜಕ್ಕೆ ತಟ್ಟೋದೇ ಇಲ್ಲ. ಹಳೆಯ ಕ್ಲಬ್ಬುಗಳ ಕಪಾಟಿನಲ್ಲಿ ಇಂಥದ್ದು ಸಿಕ್ಕರೆ, ಸೀಲು ಸ್ಪ್ರಿಂಗು ಸರಿಯಿದ್ದರೆ, ಮರುಮಾತಿಲ್ಲದೆ ಎತ್ತಿಕೊಂಡು ಅಭ್ಯಾಸ ಮಾಡಿ.

ಕ್ಲಬ್ ದರ್ಜೆಯ ಪಿಸಿಪಿ

ಪಿಸಿಪಿ ಅಂದರೆ ಸಿಲಿಂಡರಿನಲ್ಲಿ ಮೊದಲೇ ಒತ್ತಡದ ಗಾಳಿ ತುಂಬಿಟ್ಟ ರೈಫಲ್. ಸಾಮಾನ್ಯವಾಗಿ 200 ಬಾರ್. ಒಳಗಿರುವ ರೆಗ್ಯುಲೇಟರ್ ಪ್ರತಿ ಗುಂಡಿಗೂ ಅಳೆದ ಹಾಗೆ ಒಂದೇ ಪ್ರಮಾಣದ ಗಾಳಿ ಬಿಡುತ್ತದೆ. ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರಡುತ್ತದೆ. ರೈಫಲ್ ಕದಲೋದೇ ಇಲ್ಲ, "ಟಪ್" ಅಂತ ಒಂದು ಒಣ ಸದ್ದು, ಅಷ್ಟೆ.

ಈ ವರ್ಗದಲ್ಲಿ ಹ್ಯಾಮರ್ಲಿ ಎಆರ್ 20, ಅನ್‌ಶುಟ್ಜ್ 8001 ಕ್ಲಬ್, ಫೈನ್‌ವರ್ಕ್‌ಬೌ 500 ಬರುತ್ತವೆ. ಮೊದಲ ರೈಫಲ್ ಕೊಳ್ಳುವ ಹತ್ತರಲ್ಲಿ ಎಂಟು ಮನೆಗಳಿಗೆ ನಾನು ಇಲ್ಲೇ ನಿಲ್ಲಿ ಅನ್ನುತ್ತೇನೆ. ಎಆರ್ 20 ಅಲ್ಯೂಮಿನಿಯಂ ಮೈಯದು, ಹಗುರ, ಚೀಕ್ ಪೀಸ್ (ಕೆನ್ನೆ ಊರುವ ತುಂಡು) ಮತ್ತು ಬಟ್ ಪ್ಲೇಟ್ (ಭುಜಕ್ಕೆ ಒತ್ತುವ ಹಿಂಬದಿಯ ತಟ್ಟೆ) ಸರಿಸಬಹುದು. ಬೆಳೆಯುವ ಮಕ್ಕಳಿಗೆ ಇದಕ್ಕಿಂತ ಮುಖ್ಯವಾದ ಗುಣ ಇನ್ನೊಂದಿಲ್ಲ. 8001 ಮತ್ತು 500 ಮರದ ಸ್ಟಾಕಿನವು, ಅಂದರೆ ಹಿಡಿದು ಭುಜಕ್ಕೆ ಊರುವ ಮೈ ಮರದ್ದು. ಬೆಳಗಿನ ಚಳಿಯಲ್ಲಿ ಕೆನ್ನೆಗೆ ಹಿತ, ಹಿಡಿತ ಸಹಜ, ಆದರೆ ಹೊಂದಿಸಲು ಇರುವ ಜಾಗ ಕಡಿಮೆ. ಬೆಳವಣಿಗೆ ನಿಂತಿರುವ ಕಾಲೇಜು ವಿದ್ಯಾರ್ಥಿಗೆ ಮರದ್ದು ಒಗ್ಗಿದರೆ ಹಿಂದೆಮುಂದೆ ನೋಡಬೇಕಿಲ್ಲ.

ಇವುಗಳಲ್ಲಿ ಕೊರತೆಯೇನು ಅಂದರೆ, ಟ್ರಿಗರಿನ ಹೊಂದಾಣಿಕೆ ಮೇಲ್ದರ್ಜೆಯವುಗಳಷ್ಟು ನುಣುಪಾಗಿ ಬರೋದಿಲ್ಲ, ಜೊತೆಗೆ ಬರುವ ಪೀಪ್ ಸೈಟ್ ಸಾಧಾರಣ. ಸೈಟ್ ಮಾತ್ರ ಮುಂದೆ ಬದಲಿಸಿಕೊಳ್ಳಬಹುದು. ಒಳ್ಳೆಯ ಪೀಪ್ ಸೈಟ್ ಕೊಂಡರೆ ಮುಂದಿನ ರೈಫಲ್‌ಗೂ ಅದೇ ಕೂರುತ್ತದೆ, ದುಡ್ಡು ನಷ್ಟವಾಗೋದಿಲ್ಲ.

ಮೇಲ್ದರ್ಜೆಯ ನಾಲ್ಕು

ವಾಲ್ಥರ್ ಎಲ್‌ಜಿ 400, ಫೈನ್‌ವರ್ಕ್‌ಬೌ 800, ಅನ್‌ಶುಟ್ಜ್ 9015, ಆಸ್ಟ್ರಿಯಾದ ಸ್ಟೈರ್ ಚಾಲೆಂಜ್. ದೊಡ್ಡ ರೇಂಜುಗಳ ಸಾಲಿನಲ್ಲಿ ಇವೇ ಹೆಚ್ಚಾಗಿ ಕಾಣೋದು. ವಾಲ್ಥರ್, ಅನ್‌ಶುಟ್ಜ್ ಎರಡರ ಮೂಲ ಊರೂ ಜರ್ಮನಿಯ ಜೆಲ್ಲಾ ಮೆಹ್ಲಿಸ್. ಎರಡನೇ ಮಹಾಯುದ್ಧದ ನಂತರ ಎರಡೂ ಉಲ್ಮ್‌ಗೆ ಬಂದು ಹೊಸದಾಗಿ ಬೇರುಬಿಟ್ಟವು. ಫೈನ್‌ವರ್ಕ್‌ಬೌ ಕಟ್ಟಿದವರು ಓಬರ್ನ್‌ಡಾರ್ಫ್‌ನ ಮೌಸರ್ ಕಾರ್ಖಾನೆಯ ಹಳೆಯ ಎಂಜಿನಿಯರುಗಳು. ಇವರೆಲ್ಲ ಎಷ್ಟೋ ವರ್ಷಗಳಿಂದ ಪರಸ್ಪರ ಪೈಪೋಟಿಯಲ್ಲಿ ತಿದ್ದಿ ತೀಡಿದ ರೈಫಲ್‌ಗಳು ಇವು. "ಯಾವುದರ ಬ್ಯಾರಲ್ ಚೆನ್ನ?" ಅನ್ನೋದಕ್ಕೆ ನನ್ನ ಉತ್ತರ ಇಷ್ಟೇ: ನಾಲ್ಕರ ಬ್ಯಾರಲ್ಲೂ ನಿಮಗಿಂತ, ನನಗಿಂತ ಚೆನ್ನ. ಆಯ್ಕೆ ಬೇರೆ ಕಡೆ ಇದೆ.

ಕೆನ್ನೆಯಿಂದ ಶುರುಮಾಡಿ. ಜಾಕೆಟ್ ಹಾಕಿಕೊಂಡು, ರೈಫಲ್ ಎತ್ತಿ, ಕಣ್ಣು ಮುಚ್ಚಿ ಕೆನ್ನೆಯನ್ನು ಚೀಕ್ ಪೀಸಿನ ಮೇಲೆ ಇಳಿಸಿ. ಐದು ಎಣಿಸಿ ಕಣ್ಣು ಬಿಡಿ. ಹಿಂದಿನ ಸೈಟಿನ ತೂತಿನ ಮಧ್ಯದಲ್ಲಿ ಮುಂದಿನ ಉಂಗುರ ತಾನಾಗಿ ಕೂತಿರಬೇಕು. ಆ ಉಂಗುರದೊಳಗೆ ಗುರಿಯ ಕಪ್ಪು, ಕಪ್ಪಿನ ಸುತ್ತ ಎಲ್ಲ ಕಡೆ ಒಂದೇ ದಪ್ಪದ ಬಿಳಿ ಗೆರೆ ಕಾಣಬೇಕು. ಕತ್ತು ಮುಂದೆ ಚಾಚಿ, ತಲೆ ಓರೆ ಮಾಡಿ ಹುಡುಕಬೇಕಾದರೆ ಹೊಂದಿಕೆ ತಪ್ಪಿದೆ ಅಂತ ಅರ್ಥ. ಆ ಸ್ಟಾಕನ್ನು ಸರಿಸಿ ಸರಿಸಿ ನೋಡಿ. ಸರಿಸುವ ಮಿತಿ ಮುಗಿದ ಮೇಲೂ ಬಾರದಿದ್ದರೆ ಆ ರೈಫಲ್ ಎಷ್ಟು ಹೆಸರುವಾಸಿಯಾದರೂ ನಿಮ್ಮದಲ್ಲ. ಉದ್ದ ಕತ್ತಿನವರಿಗೂ ಗಿಡ್ಡ ಕತ್ತಿನವರಿಗೂ ಬೇಕಾದ ಚೀಕ್ ಪೀಸ್ ಎತ್ತರ ಬೇರೆ. ಕನ್ನಡಕದವರು ತಾವು ಗುರಿಯಿಡುವಾಗ ಹಾಕುವ ಕನ್ನಡಕವನ್ನೇ ಹಾಕಿಕೊಂಡು ನೋಡಬೇಕು.

ಆಮೇಲೆ ತೂಕ. ನಿಯಮದ ಮಿತಿ ಸೈಟ್ ಸೇರಿ ಐದೂವರೆ ಕಿಲೋ. ಭಾರವಾದಷ್ಟೂ ಅಲುಗಾಟ ಕಡಿಮೆ ಅನ್ನೋದು ನಿಜ, ಅದನ್ನು ಮೂಳೆಯ ಮೇಲೆ ಹೊರಿಸಿ ನಿಲ್ಲಬಲ್ಲವರಿಗೆ. ಅರವತ್ತು ಗುಂಡಿಗೆ ಎಪ್ಪತ್ತೈದು ನಿಮಿಷ, ಅದಕ್ಕೆ ಮುಂಚೆ ತಯಾರಿ ಮತ್ತು ಸೈಟರಿನ (ಅಂಕಕ್ಕೆ ಸೇರದ ಪರೀಕ್ಷೆಯ ಗುಂಡುಗಳ) ಹದಿನೈದು ನಿಮಿಷ. ಒಂದೂವರೆ ಗಂಟೆಯಲ್ಲಿ ನೂರು ಸಲ ಎತ್ತಿ ಇಳಿಸಬೇಕು. ಹದಿನಾಲ್ಕರ ಹುಡುಗಿಗೆ ಐದು ಕಿಲೋ ಹೊರಿಸಿದರೆ ಸೊಂಟ, ಬೆನ್ನು ನೋಯುತ್ತದೆ, ಬೆನ್ನನ್ನು ಹಿಂದಕ್ಕೆ ಬಾಗಿಸುವ ಕೆಟ್ಟ ಅಭ್ಯಾಸ ಶಾಶ್ವತವಾಗಿ ಅಂಟುತ್ತದೆ. ಹಗುರವಾದದ್ದನ್ನು ಕೊಂಡು ವರ್ಷಕ್ಕೆ ಇಷ್ಟಿಷ್ಟು ತೂಕದ ಬಿಲ್ಲೆ ಸೇರಿಸುತ್ತಾ ಹೋಗಿ. ತೂಕ ಎಲ್ಲಿ ಕೂರುತ್ತದೆ ಅನ್ನೋದೂ ಅಷ್ಟೇ ಮುಖ್ಯ: ಕೆಲವರಿಗೆ ಮೂತಿ ಭಾರವಿದ್ದರೆ ನಿಲ್ಲುತ್ತದೆ, ಕೆಲವರಿಗೆ ಅದೇ ರೈಫಲ್ ಕೆಳಗೆ ಎಳೆದಂತೆ ಅನ್ನಿಸುತ್ತದೆ. ಇದನ್ನು ಕಾಗದ ನೋಡಿ ಹೇಳೋಕೆ ಬರೋದಿಲ್ಲ, ಕೈಯಲ್ಲಿ ಹಿಡಿದೇ ತಿಳಿಯಬೇಕು.

ಎಡಗೈಯವರಿಗೆ ಒಂದು ಮಾತು. ಎಲ್‌ಜಿ 400ರ ಲಿವರ್ ಅನ್ನು ಎಡಕ್ಕೋ ಬಲಕ್ಕೋ ಬದಲಿಸಿಕೊಳ್ಳಬಹುದು, ಇದು ದೊಡ್ಡ ಅನುಕೂಲ. ಆದರೆ ಗ್ರಿಪ್ ಎಡಗೈಯದೇ ಬೇಕು, ಆರ್ಡರ್ ಮಾಡುವಾಗಲೇ ಹೇಳಿ. ಕೈ ಯಾವುದು ಅನ್ನೋದಕ್ಕಿಂತ ಬಲವಾದ ಕಣ್ಣು ಯಾವುದು ಅನ್ನೋದನ್ನು ಮೊದಲು ಕೋಚ್ ಹತ್ತಿರ ನೋಡಿಸಿಕೊಳ್ಳಿ.

ಟ್ರಿಗರ್ ವಿಷಯದಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಏರ್ ರೈಫಲ್‌ಗೆ ಕನಿಷ್ಠ ಟ್ರಿಗರ್ ತೂಕ, ಅಂದರೆ ಒತ್ತಲು ಇಷ್ಟು ಬಲ ಬೇಕೇಬೇಕು ಅಂತಿಲ್ಲ. ನಾಲ್ಕೂ ರೈಫಲ್‌ಗಳನ್ನು ನೂರು ಗ್ರಾಮಿನ ಕೆಳಗೆ ಇಳಿಸಬಹುದು. ಎಲೆಕ್ಟ್ರಾನಿಕ್ ಟ್ರಿಗರಿನ ಮಾದರಿಗಳೂ ಬಂದಿವೆ. ಮೊದಲ ರೈಫಲ್‌ಗೆ ಅದು ಬೇಡ. ಗಾಳಿ ಬಳಸದೆ ಟ್ರಿಗರ್ ಮಾತ್ರ ಕೆಲಸ ಮಾಡುವ ಡ್ರೈ ಫೈರ್ ವ್ಯವಸ್ಥೆ ಇರಲೇಬೇಕು, ಯಾಕೆಂದರೆ ಮನೆಯ ಗೋಡೆಗೆ ಮುಖ ಮಾಡಿ ದಿನಾ ಅರ್ಧ ಗಂಟೆ ಮಾಡುವ ಡ್ರೈ ಅಭ್ಯಾಸಕ್ಕೆ ಸರಿಸಾಟಿಯಾದ ತರಬೇತಿ ಇನ್ನೊಂದಿಲ್ಲ.

ಕೊನೆಗೆ ನಿರ್ಧಾರ ಮಾಡಬೇಕಾದದ್ದು ಸರ್ವಿಸ್. ನಿಮ್ಮ ಊರಿನಲ್ಲಿ ಯಾವ ರೈಫಲ್ ಬಿಚ್ಚಿ ಸೀಲ್ ಬದಲಿಸುವವರು ಇದ್ದಾರೆ? ನಿಮ್ಮ ರೇಂಜಿನಲ್ಲಿ ಯಾವ ಕಂಪನಿಯ ರೈಫಲ್‌ಗಳು ಜಾಸ್ತಿ ಇವೆ? ಕೈಕೊಟ್ಟಾಗ ಪಕ್ಕದವರ ಹತ್ತಿರ ಓ-ರಿಂಗ್, ಗಾಳಿ ತುಂಬುವ ಅಡಾಪ್ಟರ್ ಸಿಗುತ್ತದೆ. ಎರಡು ರೈಫಲ್ ಮೈಗೆ ಸಮನಾಗಿ ಒಗ್ಗಿದರೆ ನಾನು ಕಣ್ಣುಮುಚ್ಚಿ ಸರ್ವಿಸ್ ಹತ್ತಿರ ಸಿಗೋದನ್ನೇ ಆರಿಸುತ್ತೇನೆ.

2008ರ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಗುಂಡಿಗೆ 10.8 ಹೊಡೆದು ಒಟ್ಟು 700.5ರೊಂದಿಗೆ ಚಿನ್ನ ಗೆದ್ದ ಮೇಲೆ, ನಮ್ಮ ಬೆಂಗಳೂರಿನ ಹುಡುಗಿ ತಿಲೋತ್ತಮಾ ಸೇನ್ 2023ರಲ್ಲಿ ಚಾಂಗ್‌ವಾನ್‌ನ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿಯ ಜೊತೆ ದೇಶಕ್ಕೆ ಒಲಿಂಪಿಕ್ ಕೋಟಾ ತಂದ ಮೇಲೆ, "ಅವರು ಬಳಸಿದ್ದೇ ಬೇಕು" ಅನ್ನುವ ಮಕ್ಕಳು ಬರುತ್ತಾರೆ. ಆ ಆಸೆ ನನಗೆ ಇಷ್ಟವೇ. ಆದರೆ ಅವರ ರೈಫಲ್ ಅವರ ಕೆನ್ನೆಗೆ, ಅವರ ಭುಜಕ್ಕೆ ಸ್ಕ್ರೂ ಸ್ಕ್ರೂ ಹೊಂದಿಸಿದ್ದು. ಅಂಗಡಿಯಲ್ಲಿ ಸಿಗೋದು ಹೆಸರು ಮಾತ್ರ.

ಸೆಕೆಂಡ್ ಹ್ಯಾಂಡ್: ಲಾಭವೂ ಇದೆ, ಗುಂಡಿಯೂ ಇದೆ

ಹೊಸ ಮೇಲ್ದರ್ಜೆಯ ರೈಫಲ್ ಲಕ್ಷಗಳ ಮಾತಾದ್ದರಿಂದ ಬಹಳ ಮನೆಗಳಿಗೆ ದಾರಿ ಇದೇ. ಎಲ್‌ಜಿ 300, ಫೈನ್‌ವರ್ಕ್‌ಬೌ ಪಿ 70, 700, ಅನ್‌ಶುಟ್ಜ್ 8002 ಇವೆಲ್ಲ ತಮ್ಮ ಕಾಲದಲ್ಲಿ ದೊಡ್ಡ ಪದಕಗಳ ಸಾಲಿನಲ್ಲಿದ್ದ ರೈಫಲ್‌ಗಳು. ಬ್ಯಾರಲ್ ಅಷ್ಟು ಸುಲಭಕ್ಕೆ ಸವೆಯೋದಿಲ್ಲ, ಮೆತ್ತನೆಯ ಸೀಸದ ಪೆಲೆಟ್ ಉಕ್ಕನ್ನು ಏನೂ ಮಾಡೋದಿಲ್ಲ.

ಕೆಡೋದು ಬೇರೆ. ನಾನೇ ಒಮ್ಮೆ ಬೇರೆ ಊರಿನ ಒಬ್ಬರಿಂದ ಹಳೆಯ ರೈಫಲ್ ಕೊಂಡೆ. ಮೈ ಮಿರಮಿರ ಮಿಂಚುತ್ತಿತ್ತು, ಗ್ರೂಪ್ (ಗುಂಡುಗಳು ಒಂದೆಡೆ ಬೀಳೋದು) ಕೂಡ ಚೆನ್ನಾಗಿ ಬಂತು. ಸಿಲಿಂಡರಿನ ಕೊರಳಲ್ಲಿ ಕೆತ್ತಿದ್ದ ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ನಾನು ಓದಲೇ ಇಲ್ಲ. ಏರ್ ಸಿಲಿಂಡರಿಗೆ ಸಾಮಾನ್ಯವಾಗಿ ಹತ್ತು ವರ್ಷದ ಆಯಸ್ಸು. ನನ್ನದು ದಾಟಿ ಹದಿನಾಲ್ಕು ತಿಂಗಳಾಗಿತ್ತು. ಸ್ಪರ್ಧೆಯ ದಿನ ಉಪಕರಣ ತಪಾಸಣೆಯಲ್ಲಿ ಅದನ್ನು ಪಕ್ಕಕ್ಕಿಟ್ಟರು. ಸ್ನೇಹಿತನ ಸಿಲಿಂಡರ್ ಬೇಡಿ ತಂದು ಹೇಗೋ ಮುಗಿಸಿದೆ. ಹೊಸದು ತರಿಸೋಕೆ ಎರಡು ತಿಂಗಳು ಹಿಡಿಯಿತು, ಉಳಿಸಿದೆ ಅಂದುಕೊಂಡ ದುಡ್ಡಿನಲ್ಲಿ ದೊಡ್ಡ ಪಾಲು ಅದಕ್ಕೇ ಹೋಯಿತು. ಇದು ಬರೀ ಸ್ಪರ್ಧೆಯ ನಿಯಮವಲ್ಲ. 200 ಬಾರ್ ಒತ್ತಡದ ವಸ್ತು ನಿಮ್ಮ ಮಗುವಿನ ಕೆನ್ನೆಯಿಂದ ಗೇಣು ದೂರದಲ್ಲಿರುತ್ತದೆ.

ಆದ್ದರಿಂದ ಮೊದಲು ಸಿಲಿಂಡರಿನ ತಾರೀಕು ಓದಿ, ಆಮೇಲೆ ಬೆಲೆ ಮಾತಾಡಿ. ಗಾಳಿ ತುಂಬಿಸಿ, ಗೇಜಿನ ಮುಳ್ಳಿನ ಫೋಟೊ ತೆಗೆದು, ಒಂದು ರಾತ್ರಿ ಹಾಗೇ ಇಟ್ಟು ಬೆಳಿಗ್ಗೆ ನೋಡಿ. ಮುಳ್ಳು ಇಳಿದಿದ್ದರೆ ಸೀಲ್ ಸೋರುತ್ತಿದೆ. ಪೀಪ್ ಸೈಟನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ, ಸಡಿಲ ಇರಕೂಡದು. ಬಲಕ್ಕೆ ಹತ್ತು ಕ್ಲಿಕ್, ಎಡಕ್ಕೆ ಹತ್ತು ಕ್ಲಿಕ್ ತಿರುಗಿಸಿ ಹೊಡೆದರೆ ಗುಂಡು ಮೊದಲಿನ ಜಾಗಕ್ಕೇ ಬರಬೇಕು. ಆಮದಿನ ಕಾಗದ, ಮೊದಲ ಬಿಲ್ಲು ಕೇಳಿ ಪಡೆಯಿರಿ. ಹೆಸರುವಾಸಿ ಶೂಟರುಗಳಿಗೆ ಸುಂಕದ ರಿಯಾಯಿತಿಯಲ್ಲಿ ಬಂದ ರೈಫಲ್ ಆಗಿದ್ದರೆ ಮಾರಾಟದ ಷರತ್ತುಗಳನ್ನು ರಾಜ್ಯ ರೈಫಲ್ ಸಂಸ್ಥೆಯಲ್ಲಿ ಕೇಳಿಕೊಂಡೇ ಮುಂದುವರಿಯಿರಿ. ಕಾಗದ ಇಲ್ಲ ಅಂದರೆ ಬೆಲೆ ಎಷ್ಟೇ ಇಳಿಸಲಿ, ಬಿಟ್ಟುಬಿಡಿ.

ರೈಫಲ್ ಬೆಲೆಯಲ್ಲಿ ಸೇರದ ಖರ್ಚು

ಗಾಳಿ ಎಲ್ಲಿಂದ ತರುತ್ತೀರಿ? ರೇಂಜಿನಲ್ಲೇ ಕಂಪ್ರೆಸರ್ ಇದ್ದರೆ ಚಿಂತೆಯಿಲ್ಲ. ಮನೆಯಲ್ಲಿ ಅಭ್ಯಾಸವಾದರೆ ದೊಡ್ಡ ಸಿಲಿಂಡರ್ ಬೇಕು. 200 ಬಾರಿನ ಸ್ಕೂಬಾ ಸಿಲಿಂಡರಿನಿಂದ ಮೊದಲ ಸಲ ಮಾತ್ರ ಪೂರ್ತಿ ತುಂಬುತ್ತದೆ, ಆಮೇಲೆ ಪ್ರತಿ ಸಲವೂ ಒತ್ತಡ ಇಳಿಯುತ್ತಾ ಹೋಗುತ್ತದೆ. 300 ಬಾರಿನದು ದುಬಾರಿ, ಆದರೆ ತುಂಬಾ ದಿನ ಬರುತ್ತದೆ. ಕೈಪಂಪು ಅಗ್ಗ. ನಮ್ಮ ಮಳೆಗಾಲದ ತೇವದಲ್ಲಿ ಒಳಗೆ ನೀರಿನಂಶ ಸೇರುವ ಭಯವಿದೆ, ಅದಕ್ಕೆ ಒಣಗಿಸುವ ಫಿಲ್ಟರ್ ಇಲ್ಲದೆ ಬಳಸಬೇಡಿ. ತುಂಬಿದ ಸಿಲಿಂಡರನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ.

ಪೆಲೆಟ್ ಲೆಕ್ಕ ಹಾಕಿ. ದಿನಕ್ಕೆ ನೂರರಂತೆ ವಾರಕ್ಕೆ ಆರು ದಿನ ಹೊಡೆದರೆ ವರ್ಷಕ್ಕೆ ಮೂವತ್ತು ಸಾವಿರ. 500ರ ಡಬ್ಬಿ ಅರವತ್ತು. ಜಾಕೆಟ್, ಪ್ಯಾಂಟ್, ಶೂ, ಗ್ಲೌಸ್ ಬೇರೆ. ಅರ್ಧ ದುಡ್ಡನ್ನು ಇದಕ್ಕೆ ತೆಗೆದಿಡದೆ ಎಲ್ಲವನ್ನೂ ರೈಫಲ್‌ಗೆ ಸುರಿದ ಮನೆಗಳಲ್ಲಿ ರೈಫಲ್ ಪೆಟ್ಟಿಗೆಯಲ್ಲೇ ಉಳಿದಿರೋದನ್ನು ನೋಡಿದ್ದೇನೆ, ಮನಸ್ಸಿಗೆ ಬೇಸರವಾಗುತ್ತದೆ. ಕ್ಲಬ್ ದರ್ಜೆಯ ರೈಫಲ್ ಮತ್ತು ಎರಡು ವರ್ಷದ ಪೆಲೆಟ್ ಒಂದು ಕಡೆ, ಮೇಲ್ದರ್ಜೆಯ ರೈಫಲ್ ಮತ್ತು ಖಾಲಿ ಡಬ್ಬಿ ಇನ್ನೊಂದು ಕಡೆ ಇದ್ದರೆ, ಮೊದಲನೆಯದನ್ನೇ ಆರಿಸಿ.

ಪೆಲೆಟ್ಟಿನಲ್ಲೂ ಆಯ್ಕೆ ಇದೆ. ಆರ್‌ಡಬ್ಲ್ಯುಎಸ್ ಆರ್ 10, ಎಚ್ ಆ್ಯಂಡ್ ಎನ್ ಫಿನಾಲೆ ಮ್ಯಾಚ್, ಜೆಎಸ್‌ಬಿ, ಚೀನಾದ ಕ್ವಿಯಾಂಗ್ ಯುವಾನ್ ಹೀಗೆ. ತಲೆಯ ಅಳತೆ 4.49, 4.50 ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ. ಯಾವ ಬ್ಯಾರಲ್‌ಗೆ ಯಾವುದು ಒಗ್ಗುತ್ತದೆ ಅನ್ನೋದು ಹೊಡೆದೇ ತಿಳಿಯಬೇಕು. ರೈಫಲನ್ನು ವೈಸಿಗೆ ಬಿಗಿದು ಒಂದೊಂದು ಡಬ್ಬಿಯಿಂದ ಹತ್ತು ಹತ್ತು ಹೊಡೆಯಿರಿ. ಹತ್ತೂ ಒಂದೇ ತೂತಾಗಿ, ಅಂಚಿನಿಂದ ಅಂಚಿಗೆ ಆರು ಮಿಲಿಮೀಟರಿನ ಹತ್ತಿರ ಬಂದರೆ ಅದೇ ನಿಮ್ಮದು. ಏಳೂವರೆಗೆ ಹರಡಿದರೆ ಬೇರೆ ಅಳತೆ ನೋಡಿ. ಒಗ್ಗಿದ ಬ್ಯಾಚಿನ ನಂಬರ್ ಬರೆದಿಟ್ಟು, ಅದೇ ಬ್ಯಾಚಿನ ಡಬ್ಬಿಗಳನ್ನು ಆದಷ್ಟು ಒಟ್ಟಿಗೆ ಕೊಳ್ಳಿ. ಮೂವತ್ತು ಸಾವಿರ ಜಾಸ್ತಿ ಕೊಟ್ಟು ರೈಫಲ್ ಬದಲಿಸಿ ಪಡೆಯುವ ಸುಧಾರಣೆ ಎಷ್ಟೋ ಸಲ ಈ ಒಂದು ಮಧ್ಯಾಹ್ನದ ಕೆಲಸದಲ್ಲೇ ಸಿಗುತ್ತದೆ. ರೈಫಲ್ ಜೊತೆ ಬರುವ ಸೇಫ್ಟಿ ಫ್ಲ್ಯಾಗ್, ಅಂದರೆ ನಳಿಗೆ ಖಾಲಿಯೆಂದು ತೋರಿಸುವ ಬಣ್ಣದ ದಾರ, ಗುರಿಕಟ್ಟೆಯಲ್ಲಿ ಹೊಡೆಯುವ ಹೊತ್ತು ಬಿಟ್ಟು ಯಾವಾಗಲೂ ಒಳಗಿರಬೇಕು. ಮನೆಯಲ್ಲೂ ಅಷ್ಟೇ.

ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವತ್ತು ಕ್ಲಬ್ಬಿನ ಎಆರ್ 20 ಕೊಟ್ಟು, ಬಟ್ ಪ್ಲೇಟನ್ನು ಪೂರ್ತಿ ಒಳಗೆ ತಳ್ಳಿ, ಚೀಕ್ ಪೀಸನ್ನು ಎರಡು ಗೆರೆ ಏರಿಸಿ ನಿಲ್ಲಿಸಿದೆವು. ಮೊಣಕೈಗೆ ಸೊಂಟ ಸಿಗದ ಕಾರಣ ಎಡಗೈಯನ್ನು ಮುಷ್ಟಿ ಮಾಡಿ ಅದರ ಮೇಲೆ ರೈಫಲ್ ಕೂರಿಸಿದ್ದಾಯಿತು. ಕಣ್ಣು ಮುಚ್ಚಿ ತೆರೆದವಳೇ "ಅಂಕಲ್, ಮಧ್ಯದಲ್ಲೇ ಇದೆ" ಅಂದಳು. ಡಿಸೆಂಬರಿನವರೆಗೆ ಬಾಡಿಗೆಗೆ ಅದನ್ನೇ ಬಳಸೋದು, ಪ್ರತಿ ತಿಂಗಳು ಎತ್ತರ ಅಳೆಯೋದು, ಸ್ಟಾಕಿನ ಎಲ್ಲ ಅಳತೆಗಳನ್ನು ಮಿಲಿಮೀಟರಿನಲ್ಲಿ ನೋಟ್‌ಬುಕ್ಕಿಗೆ ಬರೆಯೋದು ಅಂತ ತೀರ್ಮಾನವಾಯಿತು. ಜಾಕೆಟ್ಟಿನ ಅಳತೆಯನ್ನು ಅಪ್ಪ ಅವತ್ತೇ ಕೊಟ್ಟು ಹೋದರು, ಹೊಲಿಗೆಯಲ್ಲಿ ಒಂದಿಂಚು ಬಿಡೋಕೆ ಹೇಳಿ.